ಮುಂದೆ ಮಾತ್ರೆ ಸಿಗದಿದ್ದರೆ? ಈ ಭಯಕ್ಕೆ ಈಗಲೇ ಮಾಡಿಕೊಳ್ಳಬಹುದಾದ ತಯಾರಿ

ಮನಸ್ಸಿನ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುವವರಿಗೆ ಒಳಗೊಳಗೇ ಒಂದು ಭಯ ಇರುತ್ತದೆ. ಈಗೇನೋ ಚೆನ್ನಾಗಿದ್ದೇನೆ, ನಾಳೆ ಈ ಮಾತ್ರೆಯೇ ಸಿಗದಿದ್ದರೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ, ದೂರದ ಊರುಗಳಿಂದ ಬೆಂಗಳೂರಿಗೋ ಧಾರವಾಡಕ್ಕೋ ಬಂದು ಔಷಧಿ ಒಯ್ಯುತ್ತಿದ್ದವರಿಗೆ ಇದು ಬರೀ ಭಯವಾಗಿ ಉಳಿಯಲಿಲ್ಲ. ಹಾಗಾಗಿ 'ಸುಮ್ನೆ ತಲೆ ಕೆಡಿಸ್ಕೋಬೇಡ' ಎಂದು ಯಾರಾದರೂ ಹೇಳಿದರೆ ಸಮಾಧಾನ ಆಗುವುದಿಲ್ಲ. ತಯಾರಿ ಮಾಡಿಕೊಂಡರೆ ಆಗುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತು. ಉಳಿಸಿಕೊಳ್ಳೋಣ ಎಂದು ಮಾತ್ರೆಯನ್ನು ಅರ್ಧ ಮಾಡಬೇಡಿ, ದಿನ ಬಿಟ್ಟು ದಿನ ನುಂಗಬೇಡಿ. ಈ ಭಯದಲ್ಲಿ ತುಂಬಾ ಜನ ಮಾಡುವುದು ಇದನ್ನೇ. ಮುಂದೆಂದೋ ಬರಬಹುದಾದ ತೊಂದರೆಗೆ ಹೆದರಿ ಇವತ್ತೇ ಕಾಯಿಲೆ ಮರಳುವಂತೆ ಮಾಡಿಕೊಂಡ ಹಾಗಾಗುತ್ತದೆ. ಡೋಸ್ ಇಳಿಸುವುದಿದ್ದರೆ ಅದು ಡಾಕ್ಟರ ಜೊತೆ ಕೂತು, ನಿಧಾನವಾಗಿ ಆಗಬೇಕಾದ ಕೆಲಸ.

1. ಯಾವುದರ ಭಯ ಎಂದು ಬರೆಯಿರಿ

ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ ಎಂದೇ? ದುಡ್ಡು ಸಾಲುವುದಿಲ್ಲ ಎಂದೇ? ಡಾಕ್ಟರಿಗೆ ವರ್ಗ ಆಗಬಹುದು ಎಂದೇ? ಮಾತ್ರೆ ತಂದುಕೊಡುವ ಅಪ್ಪನಿಗೆ ವಯಸ್ಸಾಗುತ್ತಿದೆ ಎಂದೇ? ಎಲ್ಲವನ್ನೂ ಒಟ್ಟಿಗೆ ಯೋಚಿಸಿದರೆ ದಾರಿ ಕಾಣುವುದಿಲ್ಲ. ಬೇರೆ ಬೇರೆ ಬರೆದುಕೊಂಡರೆ ಒಂದೊಂದಕ್ಕೂ ಒಂದೊಂದು ಉಪಾಯ ಇದೆ.

2. ನಿಮ್ಮ ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ

ಎಲ್ಲ ಮಾತ್ರೆಯೂ ಒಂದೇ ತರಹ ಅಲ್ಲ. ಫ್ಲುಆಕ್ಸೆಟಿನ್ ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತದೆ, ಒಂದು ದಿನ ತಪ್ಪಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ತಪ್ಪಿದರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂತೆ ಅನ್ನಿಸುವುದು ಬೇಗ ಶುರುವಾಗಬಹುದು. ಕ್ಲೋನಾಜೆಪಾಮ್, ಆಲ್‌ಪ್ರಜೋಲಾಮ್ ತುಂಬಾ ದಿನ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಕ್ಲೋಜಾಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸನ್ನೇ ಮತ್ತೆ ನುಂಗುವುದು ಅಪಾಯ. ಡಾಕ್ಟರ ಸಲಹೆಯಂತೆ ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಬೇಕು.

ಮುಂದಿನ ಸಲ ಹೋದಾಗ ಕೇಳಿ: "ಡಾಕ್ಟ್ರೇ, ಒಂದು ದಿನ ತಪ್ಪಿದರೆ ಏನು ಮಾಡಲಿ? ಮೂರು ದಿನ ತಪ್ಪಿದರೆ?" ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಇದು ಐದು ನಿಮಿಷದ ಕೆಲಸ, ಅಲ್ವಾ?

3. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ತನ್ನಿ

ಖಾಲಿಯಾದ ದಿನ ಅಂಗಡಿಗೆ ಹೋದರೆ 'ನಾಳೆ ಬನ್ನಿ' ಎಂಬ ಮಾತು ಕೂಡ ಎದೆ ನಡುಗಿಸುತ್ತದೆ. ಹತ್ತು ದಿನ ಕೈಯಲ್ಲಿದ್ದರೆ ಅದು ಬರೀ ನಾಳೆ ಬರುವ ವಿಷಯ. ಹೊಸದನ್ನು ಡಬ್ಬಿಯ ಹಿಂದೆ ಇಡಿ, ಹಳೆಯದನ್ನು ಮೊದಲು ಮುಗಿಸಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುಂಡು ಅಂಗಡಿಯಲ್ಲೇ ಉಳಿದುಬಿಡಬಹುದು, ಆದ್ದರಿಂದ ಆದಷ್ಟು ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳಿ.

ಹಾಗೆಂದು ವರ್ಷಕ್ಕಾಗುವಷ್ಟು ಕೂಡಿಡುವುದು ಬೇಡ. ಡೋಸ್ ಬದಲಾಗಬಹುದು. ಮನೆಯಲ್ಲಿ ಮಕ್ಕಳಿದ್ದರೆ, ಯಾರಿಗಾದರೂ ಸಾಯುವ ಯೋಚನೆ ಬರುತ್ತಿದ್ದರೆ ತುಂಬಾ ಮಾತ್ರೆ ಮನೆಯಲ್ಲಿರುವುದೇ ಅಪಾಯ. ಅಂಥ ಮನೆಯಲ್ಲಿ ಡಬ್ಬಿ ಇನ್ನೊಬ್ಬರ ಕೈಯಲ್ಲಿರಲಿ. ಆಲ್‌ಪ್ರಜೋಲಾಮ್, ಜೋಲ್‌ಪಿಡೆಮ್‌ನಂಥವನ್ನು ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಕೊಟ್ಟಾಗ ಅಂಗಡಿಯವರು ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಬೇಕು. ಅದು ನಿಯಮ, ನಿಮ್ಮ ಮೇಲಿನ ಅನುಮಾನ ಅಲ್ಲ.

4. ಔಷಧಿಯ ನಿಜವಾದ ಹೆಸರು ತಿಳಿದುಕೊಳ್ಳಿ

ಸ್ಟ್ರಿಪ್ ಮೇಲೆ ಸಾಮಾನ್ಯವಾಗಿ ಎದ್ದು ಕಾಣುವುದು ಕಂಪನಿ ಇಟ್ಟ ಹೆಸರು. ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ಹುಡುಕಿ ಓದಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕಂಪನಿಯದು ಸಿಗದಿದ್ದರೆ ಇನ್ನೊಂದರದು ಸಿಗುತ್ತದೆ. ದುಡ್ಡಿನ ಚಿಂತೆ ಇದ್ದರೆ ಇದೇ ಹೆಸರು ಹೇಳಿ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಬೆಲೆ ತುಂಬಾ ಕಡಿಮೆ. ಲಿಥಿಯಂ, ವಾಲ್‌ಪ್ರೊಯೇಟ್ ಆದರೆ ಮಾತ್ರ ಕಂಪನಿ ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಿ. ಲಿಥಿಯಂಗೆ ರಕ್ತ ಪರೀಕ್ಷೆ ಮತ್ತೆ ಬೇಕಾಗಬಹುದು.

5. ಸರ್ಕಾರಿ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ

ಖಾಸಗಿಯಲ್ಲಿ ತೋರಿಸುತ್ತಿದ್ದರೂ ಇದನ್ನು ಮಾಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ಲಿಥಿಯಂ, ಫ್ಲುಆಕ್ಸೆಟಿನ್, ರಿಸ್ಪೆರಿಡೋನ್ ಎಲ್ಲ ಕೇಂದ್ರ ಸರ್ಕಾರದ ಪಟ್ಟಿಯಲ್ಲಿವೆ. ಎಷ್ಟೋ ಕಡೆ 'ಬಂದಿಲ್ಲ' ಎಂಬ ಉತ್ತರ ಸಿಗುವುದೂ ನಿಜ. ಹಾಗಾದಾಗ ಸುಮ್ಮನೆ ವಾಪಸ್ ಬರಬೇಡಿ. ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆದು ಕೊಡಿ. ದೂರು ಕೊಡುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಕೇಳುವವರು ಇಲ್ಲದಿದ್ದರೆ ಔಷಧಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವವರಿಗೂ ಅವಸರ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಕೇಳಿ, ಒಮ್ಮೆ ಹೋಗಿ ಚೀಟಿ ಮಾಡಿಸಿ. ಡಾಕ್ಟರ್ ಬದಲಾದರೂ ನಿಮ್ಮ ಕಥೆಯನ್ನು ಮೊದಲಿಂದ ಹೇಳಬೇಕಾಗಬಾರದು ಎಂದಿದ್ದರೆ ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಈ ಹಿಂದೆ ಒಗ್ಗದ ಮಾತ್ರೆಗಳ ಹೆಸರು ಒಂದೇ ಫೈಲಿನಲ್ಲಿರಲಿ.

6. ಇಷ್ಟಾದರೂ ಉಳಿಯುವ ಚಿಂತೆ

ಸ್ವಲ್ಪ ಉಳಿಯುತ್ತದೆ. ಅದಕ್ಕೆ ಸಂಜೆ ಹದಿನೈದು ನಿಮಿಷ ಕೊಡಿ. ಬೇರೆ ಹೊತ್ತಿನಲ್ಲಿ ಬಂದರೆ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟು, ಸಂಜೆಗೆ ಬಿಡಿ. ರಾತ್ರಿ ಮಲಗಿಕೊಂಡು ಮೊಬೈಲ್‌ನಲ್ಲಿ 'ಔಷಧಿ ಕೊರತೆ' ಎಂದು ಹುಡುಕುವುದು ಬೇಡ. ನಿದ್ದೆ ಕೆಡುವಷ್ಟು, ಡಬ್ಬಿಯನ್ನು ಮತ್ತೆ ಮತ್ತೆ ಎಣಿಸುವಷ್ಟು ಚಿಂತೆಯಾದರೆ ಡಾಕ್ಟರಿಗೆ ಹೇಳಲೇಬೇಕು. ಅದು ಕಾಯಿಲೆಯ ಭಾಗವೇ ಇರಬಹುದು, ಅದಕ್ಕೂ ಚಿಕಿತ್ಸೆ ಇದೆ. ಯಾವ ಹೊತ್ತಿನಲ್ಲಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಮುಗಿದು ದಾರಿ ತೋಚದಿದ್ದರೂ ಇಲ್ಲಿ ಕೇಳಿ.

7. 'ನಮ್ಮ ನಂತರ ಯಾರು?'

ತಂದೆ ತಾಯಿಗೆ ಇದೇ ದೊಡ್ಡ ಸಂಕಟ. ಮಾತ್ರೆಯ ಹೆಸರು, ಅಂಗಡಿ, ತಾರೀಖು ಎಲ್ಲ ಅಮ್ಮನಿಗೊಬ್ಬಳಿಗೇ ಗೊತ್ತಿರುವ ಮನೆಗಳು ಎಷ್ಟೋ. ಮುಂದಿನ ತಿಂಗಳು ಮಾತ್ರೆ ತೆಗೆದುಕೊಳ್ಳುವ ಮಗನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಚೀಟಿ ಅವನೇ ಕೊಡಲಿ. ನಿಧಾನವಾಗಿ ಅವನೊಬ್ಬನೇ ಹೋಗಿ ಬರಲಿ. ಅಕ್ಕನೋ ಸೋದರಮಾವನೋ, ಇನ್ನೊಬ್ಬರಿಗೂ ವಿಷಯ ಗೊತ್ತಿರಲಿ. ಕಾಯಿಲೆ ಜಾಸ್ತಿಯಾದಾಗ ತನ್ನ ಪರವಾಗಿ ನಿಲ್ಲುವವರು ಯಾರು ಎಂದು ಹದಿನೆಂಟು ತುಂಬಿದ ಯಾರೇ ಆಗಲಿ ಮೊದಲೇ ಬರೆದಿಡಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು, ಒಪ್ಪಿಕೊಂಡವರೂ ಬರೆದು ಕೊಡಬೇಕು. ಒಂದು ಪ್ರತಿ ಫೈಲಿನಲ್ಲಿ, ಇನ್ನೊಂದು ಅವರ ಬಳಿ ಇರಲಿ.