ಬೇಲಿಯಿಂದಲೇ ಸೊಪ್ಪು: ಗೊಬ್ಬರದ ಗಿಡ ಬೆಳೆಸಿದ ನನ್ನ ಅನುಭವ

ಶಿರಸಿಯಿಂದ ಸೋಂದೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಅಡಿಕೆ ತೋಟವಿದೆ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟವಿದ್ದೂ ಸೊಪ್ಪಿಗೆ ಬರ ಎನ್ನುವ ಸ್ಥಿತಿ ಈ ಭಾಗದ ಬಹಳ ಮನೆಗಳದ್ದು. ಮತ್ತಿ ಮರ ಹತ್ತಿ ಸೊಪ್ಪು ಕಡಿಯುವವರು ಸಿಗುವುದಿಲ್ಲ. ಸಿಕ್ಕರೂ ಬೆಟ್ಟದಿಂದ ಹೊರೆ ಹೊತ್ತು ತೋಟಕ್ಕೆ ಇಳಿಸುವಷ್ಟರಲ್ಲಿ ಕೂಲಿ ಮೈಮೇಲೆ ಬರುತ್ತದೆ. ಸೊಪ್ಪು ತೋಟದ ದಂಡೆಯಲ್ಲೇ ಬೆಳೆಯಬೇಕು ಎಂದು ತೀರ್ಮಾನಿಸಿ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ ಹಾಕಿದೆ.

ಬೇಲಿಗೆ ನಮ್ಮಲ್ಲಿ ಮೊದಲು ಹಾಲುವಾಣವಿತ್ತು. ಮೆಣಸಿನ ಬಳ್ಳಿಗೂ ಅದೇ ಆಸರೆ. 2006ರ ಆಚೀಚೆ ದಕ್ಷಿಣ ಭಾರತದಲ್ಲಿ ಹಬ್ಬಿದ ಗಂಟುಕಣಜ ಎಂಬ ಪುಟ್ಟ ಕೀಟ ಹಾಲುವಾಣದ ಚಿಗುರು, ತೊಟ್ಟುಗಳನ್ನೆಲ್ಲ ಗಂಟುಗಂಟಾಗಿ ಊದಿಸಿ ಮರಗಳನ್ನು ಸೊರಗಿಸಿತು. ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಗೊಬ್ಬರದ ಗಿಡಕ್ಕೆ ಆ ಕಣಜದ ಕಾಟವಿಲ್ಲ. ಇದೂ ದ್ವಿದಳ ಜಾತಿಯ ಮರವೇ. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಬೀಜದಿಂದಲೂ ಗಿಡ ಮಾಡಬಹುದು, ಬೇರು ಆಳಕ್ಕೂ ಹೋಗುತ್ತದೆ. ಆದರೆ ಬೇಲಿಗೆ ಗೂಟವೇ ಸರಿ. ಹಸಿರು ತೊಗಟೆಯ ಎಳೆ ರೆಂಬೆ ಮಳೆಗೆ ಕೊಳೆಯುತ್ತದೆ. ತೊಗಟೆ ಬೂದುಗಂದು ಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಳಿ ಚುಕ್ಕೆಗಳು ಎದ್ದು ಕಾಣುವ, ಹೆಬ್ಬೆರಳಿಗಿಂತ ದಪ್ಪನೆಯ ರೆಂಬೆಗಳನ್ನು ಆರಿಸಿಕೊಂಡೆ. ನಾಲ್ಕೈದು ಅಡಿ ಉದ್ದ ಸಾಕು. ಮೇಲ್ತುದಿಗೆ ಓರೆ ಪೆಟ್ಟು, ನೀರು ನಿಲ್ಲದಿರಲಿ ಎಂದು. ಕತ್ತಿ ಹರಿತವಾಗಿರಬೇಕು. ಮೊಂಡು ಕತ್ತಿಯಲ್ಲಿ ಜಜ್ಜಿದರೆ ಸಿಗಿದ ತೊಗಟೆಯೊಳಗೆ ನೀರಿಳಿದು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಕಡಿದ ಗೂಟಗಳನ್ನು ನೆರಳಿನಲ್ಲಿ ನಿಲ್ಲಿಸಿಟ್ಟು, ಒಂದೆರಡು ಹದ ಮಳೆ ಬಿದ್ದ ಮೇಲೆ ನೆಟ್ಟೆ.

ನೆಡುವಾಗ ಕೆಲಸದವರಿಗೆ ಒಂದು ವಿಷಯವನ್ನು ಪದೇ ಪದೇ ಹೇಳಬೇಕಾಯಿತು. ಗೂಟವನ್ನು ಬಡಿದು ಇಳಿಸಬಾರದು. ನಮ್ಮ ಜಂಬಿಟ್ಟಿಗೆ ನೆಲಕ್ಕೆ ಬಡಿದರೆ ಕೆಳತುದಿಯ ತೊಗಟೆ ಸುಲಿದು ಹೋಗುತ್ತದೆ, ಬೇರೊಡೆಯುವುದು ಅಲ್ಲಿಂದಲೇ. ಹಾರೆಯಿಂದ ಒಂದೂವರೆ ಅಡಿ ಕುಳಿ ಮಾಡಿ, ಗೂಟ ಇಳಿಸಿ, ಸುತ್ತ ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಬೇಕು. ಎರಡು ಅಡಿಗೊಂದರಂತೆ ಅಗಳದ (ತೋಟದಂಚಿನ ಕಂದಕದ) ಏರಿಯುದ್ದಕ್ಕೂ ಹಾಕಿಸಿದೆ. ಗೂಟದಲ್ಲಿ ಕೂಡಿಟ್ಟ ಸತ್ವದಿಂದ ಬೇರಿಗಿಂತ ಮೊದಲೇ ಚಿಗುರು ಬರುವುದುಂಟು. ಚಿಗುರು ಕಂಡಿತೆಂದು ಗೂಟವನ್ನು ಅಲ್ಲಾಡಿಸಿ ನೋಡುವವರು ಇದ್ದೇ ಇರುತ್ತಾರೆ. ಎಳೆ ಬೇರು ಹರಿಯುವುದು ಆಗಲೇ.

ಮೊದಲ ವರ್ಷ ಕತ್ತಿ ತಾಗಿಸಲಿಲ್ಲ. ಎರಡನೆಯ ಮಳೆಗಾಲದಿಂದ ಸೊಂಟದ ಎತ್ತರಕ್ಕೆ ಸವರುತ್ತಿದ್ದೇನೆ: ಮಳೆಗಾಲದ ಆರಂಭಕ್ಕೊಮ್ಮೆ, ಮಳೆ ಇಳಿಮುಖವಾದಾಗ ಒಮ್ಮೆ, ದೀಪಾವಳಿ ಕಳೆದ ಮೇಲೆ ಕೊನೆಯದು. ಆ ಕೊನೆಯ ಸವರುವಿಕೆ ತಪ್ಪಿದರೆ ಚಳಿಗಾಲದಲ್ಲಿ ಎಲೆ ಉದುರಿ, ಬರಿಯ ಕೊಂಬೆಗಳ ತುಂಬ ತಿಳಿಗುಲಾಬಿ ಹೂ. ನೋಡಲು ಚೆಂದ, ಕಪ್ಪು ದುಂಬಿಗಳಿಗೂ ಹಬ್ಬ, ಆದರೆ ಸೊಪ್ಪು ಹೋಯಿತು. ಹೂಗೊಂಚಲಿಗೆ ಕಪ್ಪು ಹೇನು ಮುತ್ತುತ್ತದೆ, ಹಿಂದೆಯೇ ಇರುವೆ. ಬೀಜಕ್ಕೆಂದು ಮೂಲೆಯ ಕೆಲವು ಗಿಡಗಳನ್ನು ಮಾತ್ರ ಹೂವಿಗೆ ಬಿಡುತ್ತೇನೆ. ಬೇಸಿಗೆಯಲ್ಲಿ ಕೋಡು ಒಣಗಿ ಚಟ್ಟೆಂದು ಸಿಡಿಯುವ ಮೊದಲೇ ಕೊಯ್ಯಬೇಕು.

ಇನ್ನು ಸೊಪ್ಪಿನ ಲೆಕ್ಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರು ಸೊಪ್ಪು, 12 ಕಿಲೊ ಕಾಂಪೋಸ್ಟ್, ಜತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಗೊಬ್ಬರದ ಗಿಡದ ಎಲೆ ಒಣಗಿದಾಗ ಹಸಿ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ, ಅದರಲ್ಲಿ ಸಾರಜನಕ ಶೇಕಡಾ 3ರಷ್ಟು. ಹೀಗಾಗಿ 12 ಕಿಲೊ ಹಸಿ ಎಲೆಯಲ್ಲಿ 80 ಗ್ರಾಮಿನ ಆಸುಪಾಸು ಸಾರಜನಕ ಇರುತ್ತದೆ. ಕಡ್ಡಿ ಸೇರಿಸಿ ತೂಗಿದರೆ ಈ ಲೆಕ್ಕ ಹಿಡಿಯುವುದಿಲ್ಲ.

ಇದೊಂದೇ ಸಾಕು, ಬೆಟ್ಟದ ಕಡೆ ಇನ್ನು ತಲೆ ಹಾಕಬೇಕಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಈ ಎಲೆ ಮೆತ್ತಗಿನದು, ಕೆಲವೇ ವಾರಗಳಲ್ಲಿ ಕರಗಿ ಮಣ್ಣಾಗುತ್ತದೆ. ಅಡಿಕೆ ಬುಡಕ್ಕೆ ಮಳೆಯ ಹೊಡೆತ ತಡೆಯುವ, ಬೇಸಿಗೆಯಲ್ಲಿ ಪಸೆ ಉಳಿಸುವ ಹೊದಿಕೆ ಇದರಿಂದ ಆಗುವುದಿಲ್ಲ. ಆದ್ದರಿಂದ ಅಡಿಗೆ ಗೊಬ್ಬರದ ಸೊಪ್ಪು, ಮೇಲೆ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ ಹಾಕುತ್ತೇನೆ. ದರಕು ಗುಡಿಸಿ ತರಲು ಮರ ಹತ್ತಬೇಕಿಲ್ಲ, ಬೆಟ್ಟದ ಮರಗಳಿಗೂ ಪ್ರತಿವರ್ಷದ ಕತ್ತಿಯೇಟು ತಪ್ಪಿತು.

ದನಗಳಿಗೆ ಹಸಿ ಸೊಪ್ಪಿನ ವಾಸನೆ ಹಿಡಿಸುವುದಿಲ್ಲ, ಮೂಸಿ ಮುಖ ತಿರುಗಿಸುತ್ತವೆ. ಒಂದು ರಾತ್ರಿ ಬಾಡಿಸಿ ಹುಲ್ಲಿನ ಜತೆ ಸ್ವಲ್ಪ ಸ್ವಲ್ಪವೇ ಬೆರೆಸಿ ರೂಢಿ ಮಾಡಿಸಿದೆ. ಬೂಸು ಹಿಡಿದ ಸೊಪ್ಪನ್ನು ಮಾತ್ರ ಹಾಕಲೇಬಾರದು, ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಹುಟ್ಟುತ್ತದೆ. ಕೋಳಿ, ಮೊಲಗಳಿಗೆ ಈ ಸೊಪ್ಪೇ ಬೇಡ.

ದಪ್ಪ ಕಡ್ಡಿಗಳನ್ನು ಒಣಗಿಸಿ ಅಡಿಕೆ ಬೇಯಿಸುವ ಒಲೆಗೆ ಇಟ್ಟುಕೊಳ್ಳುತ್ತೇನೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಪೊಟ್ಯಾಷ್ ಇರುವುದರಿಂದ ಬೂದಿ ತೋಟಕ್ಕೆ ಹೋಗುತ್ತದೆ. ಗೂಟ ಬೇಕಾದವರು ದೀಪಾವಳಿಯ ಹೊತ್ತಿಗೇ ಹೇಳಿಟ್ಟರೆ ಒಳ್ಳೆಯದು. ಆಗ ಕೆಲವು ಗಿಡಗಳನ್ನು ಸವರದೆ ಬಿಡಬಹುದು, ಬೇಸಿಗೆಯ ಕೊನೆಗೆ ರೆಂಬೆ ಬಲಿತಿರುತ್ತದೆ.