ವಾನ್ ಡೆನ್ ಬರ್ಗ್ 'ಬಿ' ಸಾಲಿಗೆ ಬಂದದ್ದು ಹೇಗೆ

ಪಿಯುಸಿಯಲ್ಲಿ ವಾನ್ ಡರ್ ವಾಲ್ಸ್ ಬಲ ಓದಿದ್ದೇವೆ ಅಲ್ವಾ? ಅವರ ಹೆಸರನ್ನು ಡಚ್ಚರ ಪಟ್ಟಿಯಲ್ಲಿ 'ವಿ' ಕೆಳಗೆ ಹುಡುಕಿದರೆ ಸಿಗುವುದಿಲ್ಲ, 'ವಾಲ್ಸ್'ನ 'ಡಬ್ಲ್ಯೂ' ಕೆಳಗೆ ನೋಡಬೇಕು. ನೆದರ್ಲೆಂಡ್ಸ್‌ನ ಒಂದು ಕ್ಲಬ್ಬಿನ ಸದಸ್ಯರ ಎಕ್ಸೆಲ್ ಪಟ್ಟಿ ಕೈಗೆ ಬಂದಾಗಲೇ ನನಗಿದು ಗೊತ್ತಾಗಿದ್ದು. ಸಾರ್ಟ್ ಮಾಡಿದರೆ 'ವಾನ್' ಇರುವವರೆಲ್ಲ ಒಂದೇ ಕಡೆ ಗುಂಪಾದರು. ಅಲ್ಲಿಯವರು ಸರ್‌ನೇಮಿನ ಮುಂದೆ ಬರುವ 'ವಾನ್' ಥರದ ತುಂಡಿಗೆ ಬೇರೆ ಕಾಲಮ್ಮನ್ನೇ ಇಡುತ್ತಾರೆ.

ಹಾಗಾಗಿ ಆ ತುಂಡನ್ನು ಬೇರ್ಪಡಿಸಲು ಮ್ಯಾಕ್ರೊ, ಅಂದರೆ ಎಕ್ಸೆಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಮ್, ಬರೆದೆ. ಮೊದಲು, ಹೆಸರು 'ವಾನ್' ಅಥವಾ 'ಡೆ' ಅಂತ ಶುರುವಾದರೆ ಅಷ್ಟನ್ನು ಕತ್ತರಿಸು ಅಂತ ಹೇಳಿದ್ದೆ. ವಾನ್ ಡೆನ್ ಬರ್ಗ್ ಹೋಗಿ 'ಡೆನ್ ಬರ್ಗ್' ಉಳಿಯಿತು. ಡೆಕ್ಕರ್ ಎಂಬ ಇಡೀ ಹೆಸರು 'ಕ್ಕರ್' ಆಯಿತು!

ಆಮೇಲೆ ದಾರಿ ಬದಲಿಸಿದೆ. ಸ್ಪ್ಲಿಟ್ ಬಳಸಿ, ಸ್ಪೇಸ್ ಇರುವಲ್ಲೆಲ್ಲ ಹೆಸರನ್ನು ಬಿಡಿಸಿದೆ. ಎಡಗಡೆಯಿಂದ ಒಂದೊಂದೇ ಪದ ತೆಗೆದು, ಎಲ್‌ಕೇಸ್‌ನಿಂದ ಸಣ್ಣಕ್ಷರ ಮಾಡಿ, ನನ್ನ ಪಟ್ಟಿಯಲ್ಲಿದೆಯಾ ಅಂತ ನೋಡಬೇಕು. ಪಟ್ಟಿಯಲ್ಲಿ ವಾನ್, ಡೆ, ಡೆನ್, ಡರ್, ಟೆ, ಟೆನ್, ಟೆರ್, ಇನ್, ಆಪ್ ಎಲ್ಲ ಇವೆ. ಇದ್ದರೆ ಮುಂದಕ್ಕೆ ಹೋಗು, ಇಲ್ಲದ ಪದ ಸಿಕ್ಕ ಕೂಡಲೇ ನಿಲ್ಲು. ಅಲ್ಲಿಂದ ಕೊನೆಯವರೆಗೂ ಸರ್‌ನೇಮ್. 'ಡೆ ವ್ರೀಸ್-ವಾನ್ ಡೆನ್ ಬರ್ಗ್' ಥರದ ಜೋಡಿ ಹೆಸರೂ ಹೀಗೆ ಸರಿಯಾಗಿ ಬಂತು: ಮೊದಲ 'ಡೆ' ಮಾತ್ರ ಬೇರೆಯಾಯಿತು, ನಡುವಿನ 'ವಾನ್ ಡೆನ್' ತನ್ನ ಜಾಗದಲ್ಲೇ ಉಳಿಯಿತು. ಕೊನೆಯ ಪದ ಪಟ್ಟಿಯಲ್ಲಿದ್ದರೂ ಮುಟ್ಟಬಾರದು ಅಂತ ಒಂದು ಷರತ್ತು ಹಾಕಿ, ಇಲ್ಲದಿದ್ದರೆ ಕೆಲವರಿಗೆ ಸರ್‌ನೇಮೇ ಇಲ್ಲದಂತಾಗುತ್ತದೆ.

ಜಾಸ್ತಿ ಹೊತ್ತು ತಿಂದದ್ದು ಒಂದು ಅಪಾಸ್ಟ್ರಫಿ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದ ವಾನ್ ಟ್ ಹಾಫ್ ಹೆಸರಿನ ನಡುವೆ ಬರೀ ಟಿ ಇದೆ, ಅದರ ಮುಂದೆ ಅಪಾಸ್ಟ್ರಫಿ. ಅದು 'ಹೆಟ್' ಎಂಬ ಪದದ ಚಿಕ್ಕ ರೂಪ. ಇದು ನಡುವೆ ಇದ್ದರೆ ತೊಂದರೆಯಿಲ್ಲ. ಸೆಲ್ಲಿನ ಶುರುವಿಗೇ ಬಂದರೆ, 'ಇದು ಟೆಕ್ಸ್ಟ್' ಅನ್ನುವ ಗುರುತು ಅಂದುಕೊಂಡು ಎಕ್ಸೆಲ್ ಅದನ್ನು ನುಂಗಿಬಿಡುತ್ತದೆ. ಹೊಸ ಕಾಲಮ್ಮಿನಲ್ಲಿ ಬೋಳು ಟಿ ಉಳಿಯುತ್ತದೆ. ಬರೆಯುವಾಗ ಎರಡು ಅಪಾಸ್ಟ್ರಫಿ ಕೊಟ್ಟೆ, ಒಂದು ಉಳಿಯಿತು. ಕೆಲವು ಹೆಸರುಗಳಲ್ಲಿ ಬಾಗಿದ ಅಪಾಸ್ಟ್ರಫಿಯೂ ಇತ್ತು. ಅದನ್ನು ರಿಪ್ಲೇಸ್‌ನಿಂದ ಮೊದಲೇ ನೇರ ಮಾಡಿಕೊಳ್ಳಿ.

ಪಟ್ಟಿಯಲ್ಲಿ ಬೆಲ್ಜಿಯಂನವರೂ ಇದ್ದರು. ಅವರಲ್ಲಿ 'ವಾನ್' ಹೆಸರಿನ ಭಾಗವೇ, ಸಾರ್ಟ್ ಆಗುವುದೂ 'ವಿ' ಕೆಳಗೇ. ದೇಶದ ಕಾಲಮ್ ನೋಡಿ ಅವರ ಹೆಸರನ್ನು ಹಾಗೇ ಬಿಟ್ಟೆ.

ಮತ್ತೆ ಸಾರ್ಟ್ ಮಾಡಿದೆ. ವಾನ್ ಡೆನ್ ಬರ್ಗ್, ಬಾಕರ್ ಮತ್ತು ಬಾಸ್ ನಡುವೆ ಬಂದು ಕೂತಿತು.