ದರ ಓದುವುದು ಮೊಮ್ಮಗ, ಅಡಿಕೆ ಮಾರುವುದು ಅಜ್ಜ: ನನ್ನ ಯುಎಕ್ಸ್ ಇಂಟರ್ನ್‌ಶಿಪ್ ಅನುಭವ

ಕಳೆದ ಅಡಿಕೆ ಸುಗ್ಗಿಯಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಶಿರಸಿಯ ಮನೆಯಲ್ಲೇ ಕೂತು ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯೆನ್ಸ್, ಅಂದರೆ ಬಳಸುವವರಿಗೆ ಸುಲಭ ಆಗುವಂತೆ ಆ್ಯಪ್ ರೂಪಿಸುವ ಕೆಲಸ) ಇಂಟರ್ನ್‌ಶಿಪ್ ಮಾಡಿದೆ. ಬೆಳೆಗಾರರಿಗೆ ಮಾರುಕಟ್ಟೆ ದರ ತೋರಿಸುವ ಆ್ಯಪ್ ಅದು. ಈ ಕಡೆಯವಳು ಅಂತಲೇ ನನ್ನನ್ನು ತಗೊಂಡಿದ್ದು ಅನಿಸುತ್ತದೆ. ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾ ಕಲಿಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಯೂಟ್ಯೂಬ್ ನೋಡಿದರೆ ಬರುತ್ತದೆ.

ಮೊದಲ ಕೆಲಸ ಪರ್ಸೋನಾ, ಅಂದರೆ ಆ್ಯಪ್ ಬಳಸುವವರ ಒಂದು ಕಾಲ್ಪನಿಕ ಚಿತ್ರಣ ಬರೆಯುವುದು. ಒಬ್ಬ ಬಳಕೆದಾರ, ಅವನ ವಯಸ್ಸು, ಅವನ ಕೈಯಲ್ಲೊಂದು ಫೋನು, ಅವನಿಗೇನು ಬೇಕು, ಹೀಗೆ. ಆದರೆ ನಮ್ಮ ಕಡೆ ಸುಗ್ಗಿ ಟೈಮಲ್ಲಿ ಯಾವ ಮನೆಗೆ ಹೋದರೂ ಈ ಒಬ್ಬ ಸಿಗುವುದೇ ಇಲ್ಲ. ಅಜ್ಜನ ಕೈಗೆಲ್ಲ ಅಡಿಕೆ ಚೊಗರು, ಅವರು ಫೋನ್ ಮುಟ್ಟುವುದಿಲ್ಲ. ಕೂತಲ್ಲಿಂದಲೇ "ಚಾಲಿ ಎಷ್ಟಾಜು?" (ಒಣಗಿಸಿ ಸುಲಿದ ಅಡಿಕೆಯ ದರ ಎಷ್ಟಾಗಿದೆ?) ಅಂತ ಕೂಗುತ್ತಾರೆ. ಒಳಗಿನಿಂದ ಸೊಸೆಯೋ ಶಾಲೆಗೆ ಹೋಗುವ ಮೊಮ್ಮಗನೋ ಫೋನ್ ತೆಗೆದು ಓದಿ ಹೇಳುತ್ತಾರೆ. ಮಾರಬೇಕೋ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಬೇಕೋ ಅನ್ನುವ ತೀರ್ಮಾನ ಮಾತ್ರ ಸ್ಕ್ರೀನ್ ನೋಡದೇ ಇರುವವರದ್ದು!

ಇದು ಗೊತ್ತಾದ ಮೇಲೆ ನಾನು ಟೆಸ್ಟಿಂಗ್ ಮಾಡುವ ರೀತಿಯನ್ನೇ ಬದಲಾಯಿಸಿದೆ. ಒಬ್ಬರ ಕೈಗೆ ಫೋನ್ ಕೊಟ್ಟು ಓದಲು ಹೇಳುವುದು, ಇನ್ನೊಬ್ಬರು ಬೆನ್ನು ತಿರುಗಿಸಿ ಕೂರುವುದು, ಆಮೇಲೆ ಕೇಳಿಸಿಕೊಂಡವರ ಹತ್ತಿರ "ಏನು ಗೊತ್ತಾಯ್ತು, ಹೇಳಿ" ಅನ್ನುವುದು. ಇಷ್ಟೇ. ಚಂದದ ಲೈನ್ ಗ್ರಾಫ್ ಇಲ್ಲೇ ಬಿದ್ದುಹೋಯಿತು, ಗ್ರಾಫನ್ನು ಯಾರೂ ಗಟ್ಟಿಯಾಗಿ ಓದಲು ಆಗುವುದಿಲ್ಲವಲ್ಲ. ಮಾರುಕಟ್ಟೆ ದರದಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಅಂತ ಮೂರು ಅಂಕಿ ಇರುತ್ತವೆ. ಒಂದೇ ದಿನ, ಒಂದೇ ಬಗೆಯ ಅಡಿಕೆಗೆ ಕನಿಷ್ಠಕ್ಕೂ ಗರಿಷ್ಠಕ್ಕೂ ಕ್ವಿಂಟಲ್‌ಗೆ ಸಾವಿರಗಟ್ಟಲೆ ವ್ಯತ್ಯಾಸ ಇರಬಹುದು. ಓದುವವರು ಮೇಲಿದ್ದ ಅಂಕಿಯನ್ನು, ಅಂದರೆ ಕನಿಷ್ಠವನ್ನು ಓದಿ ಸುಮ್ಮನಾಗುತ್ತಿದ್ದರು. ಕೇಳಿದವರಿಗೆ ಎದೆ ಧಸಕ್! ಆಮೇಲೆ ಮಾದರಿ ದರವನ್ನು ದೊಡ್ಡದಾಗಿ ಮೇಲಿಟ್ಟು, ಅದರ ಕೆಳಗೆ "ನಿನ್ನೆಗಿಂತ ಇಷ್ಟು ಜಾಸ್ತಿ" ಅಂತ ಒಂದು ಸಾಲು, ಉಳಿದೆರಡು ಅಂಕಿ ಅದಕ್ಕೂ ಕೆಳಗೆ, ಹೀಗೆ ಜೋಡಿಸಿದೆವು.

ಇನ್ನೊಂದು ತಲೆನೋವು, ಮೊದಲು ಊರು ಆರಿಸಬೇಕೋ ಅಡಿಕೆಯ ಬಗೆಯೋ ಅನ್ನುವುದು. ಬೆಂಗಳೂರಿನವರು ಬಗೆ ಮೊದಲು ಅಂದರು. ಆದರೆ ಮಾರುಕಟ್ಟೆಗೆ ಮಾರುಕಟ್ಟೆಗೆ ಪಟ್ಟಿಯೇ ಬೇರೆ. ಶಿರಸಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೇಗೋಟು, ಕೆಂಪುಗೋಟು. ಯಲ್ಲಾಪುರಕ್ಕೆ ಹೋದರೆ ಅಪಿ, ತಟ್ಟಿಬೆಟ್ಟೆ ಸೇರಿಕೊಳ್ಳುತ್ತವೆ. ಘಟ್ಟ ಇಳಿದು ಕುಮಟೆಗೆ ಬಂದರೆ ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕ. ಕುಮಟೆಯ ಬೆಳೆಗಾರರಿಗೆ ಬೆಟ್ಟೆಯ ಬಟನ್ ಯಾಕೆ ಬೇಕು? ಊರು ಮೊದಲು ಅಂತಾಯಿತು. ಮನೆಯಲ್ಲಿ ಯಾವ ಬಗೆ ಮಾಡುತ್ತಾರೋ ಅದನ್ನು ಒಮ್ಮೆ ಆರಿಸಿದರೆ ಮುಂದೆ ಅದೇ ಮೇಲೆ ಬರುತ್ತದೆ.

ಐದು ಜನರ ಹತ್ತಿರ ಟೆಸ್ಟ್ ಮಾಡಿದರೆ ಸಾಕು ಅಂತ ಯುಎಕ್ಸ್ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದು ಈ ಫೀಲ್ಡಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನು ಜನರ ಲೆಕ್ಕ ಬಿಟ್ಟು ಮನೆಗಳ ಲೆಕ್ಕ ಹಿಡಿದೆ. ಮತ್ತೆ, "ಇಷ್ಟ ಆಯ್ತಾ?" ಅಂತ ಮಾತ್ರ ನಮ್ಮೂರಲ್ಲಿ ಕೇಳಲೇಬಾರದು. ಇಂಥವರ ಮಗಳು ಅಂತ ಕಷಾಯ ಕೊಟ್ಟು "ಚೊಲೋ ಇದ್ದು" ಅಂತ ಕಳಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು "ಹೋದ ಸೋಮವಾರ ಯಲ್ಲಾಪುರದಲ್ಲಿ ರಾಶಿ ಎಷ್ಟಿತ್ತು, ಇದರಲ್ಲಿ ನೋಡಿ ಹೇಳಿ" ಅಂದು ಬಾಯಿ ಮುಚ್ಚಿಕೊಂಡು ಕೂರಬೇಕು. ಬೆರಳು ಎಲ್ಲೆಲ್ಲಿ ತಡವರಿಸುತ್ತದೆ ಅನ್ನುವುದೇ ನಮಗೆ ಬೇಕಾದದ್ದು.

ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ ಒಂದು ಮಾತು. ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ ಟೆಂಪ್ಲೇಟಲ್ಲಿ ಸಾಲುಗಳ ಅಂತರ ಕಡಿಮೆ ಇರುತ್ತದೆ, ಅಕ್ಷರದ ಗಾತ್ರದ 1.2 ಪಟ್ಟಿನ ಹತ್ತಿರ. ಅದರಲ್ಲಿ ಕನ್ನಡ ತುಂಬಿದರೆ "ಕ್ವಿಂಟಲ್", "ಮಾರುಕಟ್ಟೆ" ಇವುಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಬಟನ್ ಒಳಗಾದರೆ ಕತ್ತರಿಸಿಯೇ ಹೋಗುತ್ತದೆ. ನಾನು 1.6 ಇಟ್ಟೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬಣ್ಣದ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು ಅನ್ನುವ ನಿಯಮ ಸರಿಯೇ, ಆದರೆ ಅಡಿಕೆ ಹರವಿದ ಅಂಗಳದ ಬಿಸಿಲಲ್ಲಿ ಅದು ಸಾಲುವುದಿಲ್ಲ. ಬಿಳಿ ಮೇಲೆ ಕಪ್ಪು, ಅಷ್ಟೇ, ಫ್ಯಾಷನ್ ಬೇಡ.

ಕೊನೆಗೆ ಡೆವಲಪರ್‌ಗಳಿಗೆ ಫೈಲ್ ಕೊಡುವಾಗ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಾವು ಚಿತ್ರ ಬರೆಯದೇ ಬಿಟ್ಟ ಸ್ಕ್ರೀನ್‌ಗಳ ಬಗ್ಗೆಯೇ. ಮಾರುಕಟ್ಟೆಗೆ ರಜೆ ಇದ್ದರೆ ಏನು ತೋರಿಸಬೇಕು? ಮಳೆಗೆ ನೆಟ್‌ವರ್ಕ್ ಹೋದರೆ? ಎರಡಕ್ಕೂ ಒಂದೇ ಉತ್ತರ ಕೊಟ್ಟೆವು: ಕೊನೆಯ ಬಾರಿ ಸಿಕ್ಕಿದ ದರವನ್ನು ತೋರಿಸಿ, ಆದರೆ ತಾರೀಖನ್ನು ದರದ ಮುಂಚೆಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಮೊಮ್ಮಗ ಮೊದಲು ಅದನ್ನೇ ಓದಿ ಹೇಳಲಿ.